ಬಿರುಕಿನ ಬಣ್ಣ

ಮೋಟಾರು ಕಾರು ಕಂಡರೆ ಕುದುರೆಗಳು ಬೆದರಿ ಚರಂಡಿಗಿಳಿಯುತ್ತಿದ್ದ ಕಾಲ ಅದು. ಇಡೀ ಊರಿಗೆ ಇದ್ದದ್ದು ಒಂಬತ್ತು ಕಾರು. ಅದರಲ್ಲಿ ಒಂದು ಡಾಕ್ಟರದು. ಅದನ್ನು ಓಡಿಸುತ್ತಿದ್ದವನು ಈ ಕಥೆಯ ಹೆಣ್ಣಿನ ಅಣ್ಣ. ಒಂದೇ ಸಿಲಿಂಡರಿನ ಗಾಡಿ, ಒಂದೇ ಪ್ಲಗ್ಗು. ಆ ಪ್ಲಗ್ಗಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಿಡಿ ಹಾರಬೇಕು, ಆ ಕಿಡಿಗೆ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬೇಕು, ಆಗ ಇಂಜಿನ್ ತಿರುಗೀತು. ಕಿಡಿ ಹಾರದಿದ್ದರೆ ಅಷ್ಟು ದೊಡ್ಡ ಗಾಡಿ ಬರೀ ಕಬ್ಬಿಣದ ಗುಡ್ಡೆ.

ಒಂದು ಮಧ್ಯಾಹ್ನ ಆ ಗಾಡಿ ರೈಲು ಹಳಿಗಳ ನಡುವೆ ನಿಂತುಬಿಟ್ಟಿತು. ತಿರುವಿನಾಚೆ ರೈಲಿನ ಸದ್ದು ಕೇಳುತ್ತಿತ್ತು. ಡಾಕ್ಟರು ಧುಮುಕಿ ಓಡಿದರು. ಅಣ್ಣನೂ ಇಳಿದ, ಆದರೆ ಓಡಲಿಲ್ಲ. ಹ್ಯಾಂಡಲು ಎತ್ತಿಕೊಂಡು ಗಾಡಿಯ ಮುಂದಕ್ಕೆ ಹೋಗಿ ಇಂಜಿನ್ ತಿರುವತೊಡಗಿದ. ಗಾಡಿ ಹೋದರೆ ಹೋಗಲಿ, ಬಿಟ್ಟು ಬಾ ಎಂದು ಡಾಕ್ಟರು ಗಂಟಲು ಹರಿಯುವಂತೆ ಕೂಗಿದರು. "ಇನ್ನೊಂದೇ ಸುತ್ತು" ಎಂದನಂತೆ. ಅವನ ಬಾಯಿಂದ ಬಂದ ಕಡೆಯ ಮಾತು ಅದು.

ನುಜ್ಜುಗುಜ್ಜಾದ ಇಂಜಿನ್ನಿನಿಂದ ಡಾಕ್ಟರು ಪ್ಲಗ್ಗನ್ನು ಬಿಚ್ಚಿಸಿ ನೋಡಿದರು. ಉಕ್ಕಿನ ಕವಚದೊಳಗಿನ ಪಿಂಗಾಣಿ ಕೊಳವೆ ಅಡ್ಡಡ್ಡ ಒಡೆದಿತ್ತು. ಪಿಂಗಾಣಿ ಒಡೆದರೆ ಕರೆಂಟು ಬಿರುಕಿನ ದಾರಿ ಹಿಡಿಯುತ್ತದೆ, ತುದಿಯಲ್ಲಿ ಕಿಡಿ ಹಾರುವುದಿಲ್ಲ. ಅವರು ಪ್ಲಗ್ಗನ್ನು ಅತ್ತಿಗೆಯ ಕೈಗೆ ಕೊಟ್ಟು, "ಇದೇ ಕಾರಣ ಕಣಮ್ಮ" ಎಂದರು. ಅದನ್ನು ಮಾಡಿದ ಕಾರ್ಖಾನೆಗೆ ಒಂದು ಖಾರವಾದ ಪತ್ರವನ್ನೂ ಬರೆದರು. ಅತ್ತಿಗೆ ಅದನ್ನು ಗಂಡನ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದಳು. ನಾದಿನಿ ಒಮ್ಮೆ ನೋಡುತ್ತೇನೆಂದದ್ದಕ್ಕೆ, "ಯಾರೂ ಮುಟ್ಟಕೂಡದು" ಎಂದಳು.

ಆ ನಾದಿನಿಯ ಕಥೆ ಇದು. ಆಗ ಅವಳಿಗೆ ಮೂವತ್ತೆರಡು. ಮದುವೆಯ ಯೋಗ ಕೂಡಿ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಮನೆಯೇ ಅವಳ ಮನೆ. ಅಪ್ಪ ಪಿಂಗಾಣಿ ಜಾಡಿ ಸುಡುವ ಭಟ್ಟಿಯೊಂದರಲ್ಲಿ ಮೇಸ್ತ್ರಿಯಾಗಿದ್ದವನು. ಭಟ್ಟಿಯಿಂದ ಇಳಿದ ಜಾಡಿಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ತಟ್ಟಿ, ಟಿಣ್ ಎಂದರೆ ಈ ಕಡೆ, ಟಪ್ ಎಂದರೆ ಆ ಕಡೆ ಇಡುವುದನ್ನು ಮಗಳು ಹಾಲು ಹಲ್ಲು ಬೀಳುವ ಹೊತ್ತಿಗೇ ಕಲಿತಿದ್ದಳು. ಮನೆಗೆ ಬಂದ ಲೋಟ ತಟ್ಟೆಗಳನ್ನೂ ತಟ್ಟದೆ ಒಳಗಿಡುತ್ತಿರಲಿಲ್ಲ. "ಗಂಡು ಹುಡುಕಿದ್ರೆ ಅವನ ತಲೆನೂ ತಟ್ಟಿ ನೋಡ್ತಾಳೆ" ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ಅಣ್ಣ ಹೋಗಿ ಮೂರು ವಾರವಾಗಿತ್ತು. ಡಾಕ್ಟರ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯವರೆಗೆ ನಡೆದು ಆ ಕಾರ್ಖಾನೆಯ ಬಾಗಿಲಲ್ಲಿ ನಿಂತಳು. ಕಾರ್ಖಾನೆ ಎಂಬುದು ಹೆಸರಿಗೆ. ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ, ನಾಲ್ಕು ಲೇತು, ಇಪ್ಪತ್ತು ಜನ. ನೆಲದ ತುಂಬ ಉಕ್ಕಿನ ಸುರುಳಿ, ಗಾಳಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಯಜಮಾನರು ಮೂಲೆಯ ಮೇಜಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಡಾಕ್ಟರ ಪತ್ರ ಅವರ ಮುಂದೆಯೇ ಬಿಚ್ಚಿಕೊಂಡಿತ್ತು.

"ನಾನು ಆ ಡ್ರೈವರ ತಂಗಿ" ಎಂದಳು. "ನಮ್ಮಣ್ಣ ಸತ್ತಿದ್ದು ನಿಮ್ಮ ಪ್ಲಗ್ಗಿಂದ ಅಂತಾರೆ. ನೀವೇನಂತೀರಿ?"

ಅವರು ತಲೆ ತಗ್ಗಿಸಿದರು. "ಇರಬಹುದಮ್ಮ" ಎಂದರು. "ಉತ್ತರ ಬರೀಬೇಕು ಅಂತ ದಿನಾ ಕೂತ್ಕೋತೀನಿ. ಏನು ಬರೀಲಿ ಅಂತ ತಿಳೀತಿಲ್ಲ."

ಇಲ್ಲ ಎನ್ನುತ್ತಾರೆ, ಜಗಳವಾಡುತ್ತಾರೆ, ಹೊರಗೆ ನಡಿ ಎನ್ನುತ್ತಾರೆ ಎಂದು ಅವಳು ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಬಂದಿದ್ದಳು. ಎದುರಾಳಿಯೇ ಕೈ ಚೆಲ್ಲಿದರೆ ಮಸೆದ ಕತ್ತಿಯನ್ನು ಏನು ಮಾಡುವುದು?  ಮೇಜಿನ ಮೇಲೆ ಒಂದು ತಟ್ಟೆಯ ತುಂಬ ಬಿಳಿ ಪಿಂಗಾಣಿ ಕೊಳವೆಗಳಿದ್ದವು, ಒಂದೊಂದೂ ಬೆರಳುದ್ದ. ಅಭ್ಯಾಸ ಬಿಡದ ಕೈ ಎರಡನ್ನು ಎತ್ತಿಕೊಂಡು ಒಂದಕ್ಕೊಂದು ತಟ್ಟಿತು. ಮತ್ತೊಂದು, ಇನ್ನೊಂದು. ನಾಲ್ಕನೆಯದನ್ನು ಅವರ ಮುಂದೆ ಇಟ್ಟಳು.

"ಇದು ಒಡೆದಿದೆ."

ಯಜಮಾನರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಕಣ್ಣಿಗೇನೂ ಕಾಣಲ್ವಲ್ಲಮ್ಮ."

"ಕಣ್ಣಿಗೆ ಕಾಣೋವರೆಗೂ ಕಾಯ್ತೀರಾ?"

ಅವರು ಶಾಯಿಯ ದೌತಿಯಲ್ಲಿ ಕೊಳವೆಯನ್ನು ಅದ್ದಿ, ಬಟ್ಟೆಯಿಂದ ಉಜ್ಜಿ ಒರೆಸಿದರು. ಕೂದಲೆಳೆಯಂಥ ನೀಲಿ ಗೆರೆಯೊಂದು ಕೊಳವೆಯ ಸುತ್ತ ಉಳಿದುಕೊಂಡಿತು. ಯಜಮಾನರು ಕೊಳವೆಯನ್ನು ಡಾಕ್ಟರ ಪತ್ರದ ಮೇಲಿಟ್ಟು, ನಾಳೆಯಿಂದ ಬರುತ್ತೀಯಾ ಎಂದು ಕೇಳಿದರು.

ಮನೆಯಲ್ಲಿ ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಅಣ್ಣನ್ನ ಕೊಂದವರ ಹತ್ರ ಕೂಲಿಗೆ ಹೋಗ್ತೀಯಾ?"

"ಅಲ್ಲಿ ಯಾರೂ ತಟ್ಟಿ ನೋಡ್ತಿಲ್ಲ, ಅತ್ತಿಗೆ. ಯಾರಾದ್ರೂ ನೋಡ್ಬೇಕಲ್ಲ."

ಅತ್ತಿಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ತಿಂಗಳುಗಟ್ಟಲೆ ಒಂದೇ ಸೂರಿನ ಕೆಳಗೆ ಎಷ್ಟು ಬೇಕೋ ಅಷ್ಟೇ ಮಾತು.

ಕಾರ್ಖಾನೆಯಲ್ಲಿ ಅವಳಿಗೆ ಕಿಟಕಿಯ ಪಕ್ಕ ಒಂದು ಮೇಜು, ಒಂದು ಸಣ್ಣ ಹಿತ್ತಾಳೆ ಕಡ್ಡಿ ಕೊಟ್ಟರು. ಭಟ್ಟಿಯಿಂದ ಬಂದ ಕೊಳವೆಗಳೆಲ್ಲ ಮೊದಲು ಅವಳ ಕಿವಿ ದಾಟಬೇಕು. ಮೊದಲ ವಾರವೇ ನೂರಕ್ಕೆ ಹನ್ನೊಂದನ್ನು ಆಚೆ ಹಾಕಿದಳು. ಲೇತಿನ ಮೇಲೆ ಕವಚ ಕೊರೆಯುತ್ತಿದ್ದವನೊಬ್ಬ ಬಾಯಿಬಡುಕ ಇದ್ದ. ಒಳ್ಳೆಯ ಕೆಲಸಗಾರ, ಆದರೆ ನಾಲಿಗೆಗೆ ಬಿಡುವಿಲ್ಲ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಮ್ಮ ಯಜಮಾನರು ಕುಂಬಾರನ ಮಗಳ ಕೈಗೇ ದೊಣ್ಣೆ ಕೊಟ್ಟವ್ರೆ" ಎಂದ. ಅವಳಿಗೆ ಕಿವಿಯಕ್ಕ ಎಂದು ಹೆಸರಿಟ್ಟವನೂ ಅವನೇ. ಆ ಹೆಸರೇ ಕಡೆಯವರೆಗೆ ನಿಂತಿತು.

ಆದರೆ ಕೊಳವೆ ಒಳ್ಳೆಯದಿದ್ದರೆ ಸಾಕೇ? ಅದುವರೆಗೆ ಅಲ್ಲಿ ಪ್ಲಗ್ಗಿನ ಪರೀಕ್ಷೆ ಎಂದರೆ, ಮೇಜಿನ ಮೇಲೆ ಅದನ್ನು ನಿಲ್ಲಿಸಿ ಕರೆಂಟು ಕೊಡುವುದು, ತುದಿಯಲ್ಲಿ ಚಟ್ ಎಂದು ನೀಲಿ ಕಿಡಿ ಹಾರಿದರೆ ಪಾಸು. ಬಯಲಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗೆ, ಅದುಮಿದ ಗಾಳಿಯಲ್ಲಿ ಹಾರಬೇಕೆಂದೇನೂ ಇಲ್ಲ. ಯಜಮಾನರಿಗೆ ಇದು ಗೊತ್ತಿತ್ತು, ಗೊತ್ತಿದ್ದೂ ಮುಂದೂಡಿದ್ದರು. ಈಗ ಮುಂದೂಡಲಿಲ್ಲ. ಹೆಬ್ಬೆರಳು ದಪ್ಪದ ಗೋಡೆಯ ಒಂದು ಕಬ್ಬಿಣದ ಪಾತ್ರೆ ಎರಕ ಹೊಯ್ಯಿಸಿದರು. ಅದರ ಒಂದು ಪಕ್ಕಕ್ಕೆ ದಪ್ಪ ಗಾಜಿನ ಕಿಟಕಿ, ಮೇಲೆ ಗಾಳಿಯ ಒತ್ತಡ ತೋರಿಸುವ ಮುಳ್ಳು. ಪ್ಲಗ್ಗನ್ನು ಪಾತ್ರೆಗೆ ತಿರುಪಿ, ಕೈ ಪಂಪಿನಿಂದ ಗಾಳಿ ತುಂಬುತ್ತ, ಕಿಡಿ ಎಲ್ಲಿಯವರೆಗೆ ಬದುಕುತ್ತದೆ ಎಂದು ಕಿಟಕಿಯಿಂದ ನೋಡುವುದು. ಮೊದಲ ಗಾಜು ಸಿಡಿದು ಯಜಮಾನರ ಹಣೆ ಸೀಳಿತು. ರಕ್ತ ಒರೆಸಿಕೊಳ್ಳುತ್ತ ಅವರು ಕೇಳಿದ್ದು ಒಂದೇ ಮಾತು: "ಮುಳ್ಳು ಎಷ್ಟು ತೋರಿಸ್ತಿತ್ತು, ನೋಡಿದ್ಯೇನಮ್ಮ?" ಅವಳು ನೋಡಿದ್ದಳು. ಬರೆದುಕೊಂಡೂ ಇದ್ದಳು. ಅಂದಿನಿಂದ ಪರೀಕ್ಷೆಯ ಪುಸ್ತಕ ಅವಳ ವಶವಾಯಿತು.

"ಗೊತ್ತಿದ್ದಷ್ಟು ಬರಿ" ಎಂದು ಯಜಮಾನರು ಹೇಳಿಕೊಟ್ಟರು. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಲೇ ಬರಿ. ಅಂದಾಜು ಮಾತ್ರ ಬೇಡ."

ಬಿಸಿ ಪ್ಲಗ್ಗನ್ನು ತಣ್ಣೀರಿಗೆ ಹಾಕಿ ನೋಡುವ ಪರೀಕ್ಷೆ ಬಂದಾಗ ಒಳ್ಳೆಯ ಕೊಳವೆಗಳೂ ಸಾಲುಸಾಲಾಗಿ ಒಡೆದವು. ಎಲ್ಲ ಒಡೆಯುತ್ತಿದ್ದದ್ದು ಒಂದೇ ಜಾಗದಲ್ಲಿ, ಉಕ್ಕಿನ ನಟ್ಟು ಪಿಂಗಾಣಿಯನ್ನು ಅದುಮಿ ಹಿಡಿಯುವಲ್ಲಿ. ಕಿವಿಯಕ್ಕ ಎರಡು ದಿನ ಅದನ್ನೇ ನೋಡಿ, "ನಮ್ಮಪ್ಪ ಬಿಸಿ ಜಾಡೀನ ಬರೀ ಕಬ್ಬಿಣದ ಮೇಲೆ ಇಡ್ತಾನೇ ಇರ್ಲಿಲ್ಲ. ಕೆಳಗೆ ಬೂದಿ ಹಾಸೋನು" ಎಂದಳು. ಕಬ್ಬಿಣಕ್ಕೂ ಪಿಂಗಾಣಿಗೂ ನಡುವೆ ಮೆತ್ತಗಿನದೇನಾದರೂ ಬೇಕು. ಸೀಸ ಕರಗಿತು, ಚರ್ಮ ಕರಕಲಾಯಿತು. ಕಡೆಗೆ ತೆಳು ತಾಮ್ರದ ಉಂಗುರದೊಳಗೆ ಬೆಂಕಿಗೆ ಜಗ್ಗದ ಕಲ್ನಾರು ತುಂಬಿದ ವಾಷರು ನಿಂತಿತು. ಲೇತಿನವನು ಅದಕ್ಕೆ "ಪ್ಲಗ್ಗಿನ ದಿಂಬು" ಎಂದ. ಆಮೇಲೆ ಅವಳೇ ಭಟ್ಟಿಗೆ ಹೋಗಿ, ಅಪ್ಪನ ಜೊತೆ ಕೆಲಸ ಮಾಡಿದ್ದ ಮುದುಕರನ್ನು ಕಾಡಿ, ಕೊಳವೆ ಬಿಸಿ ತಡೆಯಲೆಂದು ಮಣ್ಣಿಗೆ ಬಳಪದ ಕಲ್ಲಿನ ಪುಡಿ ಬೆರೆಸಿ ಸುಡಿಸಿದಳು. ಎಷ್ಟು ಪಾಲು ಎಂಬುದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಇದಲ್ಲದೆ ಯಜಮಾನರು ಇನ್ನೊಂದು ಕೆಲಸ ಮಾಡಿದ್ದರು. ಕೆಟ್ಟ ಪ್ಲಗ್ಗು ಯಾರೇ ಕಳಿಸಲಿ, ಅದರ ಬದಲಿಗೆ ಹೊಸದು ಕೊಡುತ್ತೇವೆ ಎಂದು ಊರೂರಿಗೆ ತಿಳಿಸಿದ್ದರು. ಬಂದವುಗಳನ್ನೆಲ್ಲ ಕಿವಿಯಕ್ಕ ಬಿಚ್ಚಿ, ಕೊಳವೆಯನ್ನು ಬಿರುಕಿನ ಗುಂಟ ಪೂರ್ತಿ ಮುರಿದು, ಒಳಗೆ ನೋಡಿ ಬರೆಯುತ್ತಿದ್ದಳು. ಆರು ವರ್ಷದಲ್ಲಿ ಏಳುನೂರಕ್ಕೂ ಹೆಚ್ಚು. ಇಂಜಿನ್ ಓಡುವಾಗ ಬಿಟ್ಟ ಬಿರುಕಾದರೆ ಮುರಿದ ಅಂಚು ಕಪ್ಪು. ಎಣ್ಣೆ, ಮಸಿ ಒಳಗೆ ನುಗ್ಗಿರುತ್ತದೆ. ಸ್ಪಾನರು ಜಾರಿಯೋ ಅಂಚೆಯಲ್ಲಿ ಬಿದ್ದೋ ಒಡೆದದ್ದಾದರೆ ಅಂಚು ಬಿಳಿ. ಬಿರುಕಿನ ಬಣ್ಣ ಸುಳ್ಳು ಹೇಳುವುದಿಲ್ಲ ಎಂಬುದು ಅವಳಿಗೆ ಕೈಯ ಗೆರೆಯಷ್ಟೇ ಪರಿಚಿತವಾಗಿತ್ತು.

ಆರನೆಯ ವರ್ಷ ಒಂದು ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಟಾಗ ಅತ್ತಿಗೆ ಟ್ರಂಕಿನ ಬೀಗ ತೆಗೆದಳು. ಕರವಸ್ತ್ರದ ಗಂಟನ್ನು ಹೊರಗೆ ತಂದು ನಾದಿನಿಯ ಅಂಗೈಯಲ್ಲಿಟ್ಟಳು.

"ಎಲ್ಲರದ್ದೂ ನೋಡಿ ಬರೀತೀಯಂತಲ್ಲ. ಇವರದ್ದನ್ನೂ ನೋಡು. ಇದರಿಂದಲೇ ಹೋದರು ಅಂತ ಅವರ ಪುಸ್ತಕದಲ್ಲೇ ಬರಿ. ನನಗಷ್ಟು ಸಾಕು."

ಕಿವಿಯಕ್ಕ ತನ್ನ ಮೇಜಿನಲ್ಲಿ ಗಂಟು ಬಿಚ್ಚಿದಳು. ನಟ್ಟು ಸಡಿಲಿಸಿದಾಗ ಕೊಳವೆ ಎರಡು ತುಂಡಾಗಿ ಬಟ್ಟೆಯ ಮೇಲೆ ಬಿತ್ತು. ಎರಡೂ ಅಂಚುಗಳು ಹಾಲಿನಷ್ಟು ಬಿಳಿ. ಕೆಳಗಿನ ತುದಿಯ ತಂತಿ ತಿಳಿಗಂದು ಬಣ್ಣಕ್ಕಿತ್ತು. ಕಡೆಯ ಗಳಿಗೆಯವರೆಗೂ ಸರಿಯಾಗಿ ಉರಿದ ಪ್ಲಗ್ಗಿನ ಬಣ್ಣ ಅದು. ಅವಳು ಎರಡು ತುಂಡನ್ನೂ ಮತ್ತೆ ಕರವಸ್ತ್ರದಲ್ಲಿ ಮುಚ್ಚಿಟ್ಟಳು.

ಅಣ್ಣನ ಗಾಡಿ ನಿಂತದ್ದು ಈ ಪ್ಲಗ್ಗು ಒಡೆದು ಅಲ್ಲ. ರೈಲು ಬಡಿದಾಗ ಪ್ಲಗ್ಗು ಒಡೆದದ್ದು.

ಆದರೂ ಅಂದಾಜು ಬೇಡ. ನಿಲ್ಲುವ ಹೊತ್ತಿಗೇ ಬಿರುಕು ಬಿಟ್ಟಿದ್ದರೆ? ಮಸಿ ಹಿಡಿಯಲು ಪುರುಸೊತ್ತೇ ಇಲ್ಲದಿದ್ದರೆ? ಅವಳು ಬಿರುಕಿನ ಕೊಳವೆ ಹಾಕಿದ ಮೂರು ಪ್ಲಗ್ಗುಗಳನ್ನು ಸಿದ್ಧಪಡಿಸಿ, ಹಿತ್ತಲಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಇಂಜಿನ್ನಿಗೆ ಒಂದೊಂದಾಗಿ ಲೇತಿನವನ ಕೈಯಲ್ಲಿ ಹಾಕಿಸಿದಳು. ಒಂದು ನಾಲ್ಕು ನಿಮಿಷಕ್ಕೆ, ಒಂದು ಎರಡು ನಿಮಿಷಕ್ಕೆ, ಮೂರನೆಯದು ಅರೆ ನಿಮಿಷಕ್ಕೆ ಇಂಜಿನ್ ನಿಲ್ಲಿಸಿತು. ಮುರಿದು ನೋಡಿದರೆ ಮೂರೂ ಕಪ್ಪು. ಅರೆ ನಿಮಿಷದ್ದೂ ಕಪ್ಪು. ಲೇತಿನವನು ಅವಳ ಮುಖ ನೋಡಿ, ಕೈ ಒರೆಸಿಕೊಂಡು ತನ್ನ ಲೇತಿಗೆ ಹೋದ.

ಎರಡು ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತಿಗೆ ಆ ಸಿಟ್ಟಿನ ಊರುಗೋಲು ಹಿಡಿದೇ ಆರು ವರ್ಷ ನಡೆದಿದ್ದಾಳೆ. ಅದನ್ನು ಕಿತ್ತುಕೊಂಡರೆ ಬಿದ್ದಾಳು. ಇತ್ತ ಯಜಮಾನರು ಆರು ವರ್ಷದಿಂದ ತಾವು ಮಾಡದ ಪಾಪವನ್ನು ಹೊತ್ತು ತಿರುಗುತ್ತಿದ್ದಾರೆ. ಮೂರನೆಯ ದಿನ ಅವಳು ಎರಡು ತುಂಡುಗಳನ್ನೂ ಅವರ ಮುಂದಿಟ್ಟಳು.

ಅವರು ಭೂತಗನ್ನಡಿ ಹಿಡಿದು ನೋಡಿದರು. ಮೂರು ಕಪ್ಪು ತುಂಡುಗಳನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದರು. ಕನ್ನಡಿ ಕೆಳಗಿಟ್ಟು, ಹಣೆಯ ಹಳೆಯ ಗಾಯವನ್ನು ಬೆರಳಿನಿಂದ ಸವರಿಕೊಂಡರು.

"ನಿಮ್ಮದಲ್ಲ ತಪ್ಪು" ಎಂದಳು ಅವಳು.

"ಆವತ್ತು ನಿಮ್ಮಣ್ಣನ ಗಾಡೀಲಿ ಅಲ್ಲ" ಎಂದರು ಅವರು ನಿಧಾನಕ್ಕೆ. "ಆದ್ರೆ ಆವತ್ತು ನೀನು ತಟ್ಟಿ ಕೊಟ್ಟ ಕೊಳವೆ ಒಡೆದೇ ಇತ್ತಲ್ಲಮ್ಮ. ಅದು ಇನ್ಯಾರ ಗಾಡಿಗೆ ಹೋಗ್ತಿತ್ತೋ." ತುಂಡುಗಳನ್ನು ಅವಳ ಕಡೆ ಸರಿಸಿ, "ಇದು ಆಗಲೇ ಗೊತ್ತಾಗಿದ್ರೆ ನಾನು ಆ ಪಾತ್ರೆ ಕಟ್ಟಿಸ್ತಾನೇ ಇರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ನಾಚಿಕೆಯಾಗುತ್ತೆ" ಎಂದರು.

ಕಂಡದ್ದನ್ನು ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಅಂದು ಸಂಜೆ ಅತ್ತಿಗೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಕಿವಿಯಕ್ಕ ಎದುರು ಕೂತು ಹೇಳಿದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತಿಗೆಯ ಕೈ ನಿಂತಿತು.

"ಅವರ ಅನ್ನ ತಿಂದು ಅವರ ಮಾತು ಕಲಿತಿದ್ದೀಯ."

"ನಿಮ್ಮ ಕಣ್ಣಾರೆ ನೋಡಿ, ಅತ್ತಿಗೆ." ತುಂಡುಗಳನ್ನು ಮುಂದೆ ಸರಿಸಿದಳು, ಕಪ್ಪಿನವು ಒಂದು ಕಡೆ, ಬಿಳಿಯವು ಒಂದು ಕಡೆ.

ಅತ್ತಿಗೆ ನೋಡಿದಳು. "ಹಾಗಾದ್ರೆ ಗಾಡಿ ಯಾಕೆ ನಿಲ್ತು?"

"ಗೊತ್ತಿಲ್ಲ. ತಂತಿ ಕಳಚಿರಬಹುದು, ಬ್ಯಾಟರಿ ಸತ್ತಿರಬಹುದು, ಪೆಟ್ರೋಲಿಗೆ ಕಸ ಸಿಕ್ಕಿರಬಹುದು. ಇನ್ನು ಅದನ್ನ ತಿಳಿಯೋ ದಾರಿಯಿಲ್ಲ."

ಅತ್ತಿಗೆ ಎದ್ದು ಒಳಗೆ ಹೋದಳು.  ಐದನೆಯ ದಿನ ಕಿವಿಯಕ್ಕ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅತ್ತಿಗೆ ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಗಾಡಿ ಯಾಕೆ ನಿಲ್ತು ಅನ್ನೋದು ಹಾಳಾಗ್ಹೋಗ್ಲಿ. ಇವರು ಯಾಕೆ ಓಡ್ಲಿಲ್ಲ? ಡಾಕ್ಟರು ಓಡಿದ್ರು. ಇವರಿಗೂ ಕಾಲಿತ್ತು. ಇನ್ನೊಂದೇ ಸುತ್ತು ಅಂದ್ರಂತೆ. ಆ ಸುತ್ತು ಸುತ್ತೋವಾಗ ಮನೇಲಿ ನಾನೊಬ್ಬಳು ಇದೀನಿ ಅಂತ ನೆನಪಾಗ್ಲಿಲ್ವಾ ಅವರಿಗೆ?"

 ಆರು ವರ್ಷ ಅತ್ತಿಗೆಯ ಒಳಗೆ ಕುದಿದದ್ದು ಕಾರ್ಖಾನೆಯ ಮೇಲಿನ ಸಿಟ್ಟಲ್ಲ ಎಂಬುದು ಕಿವಿಯಕ್ಕನಿಗೆ ಆಗಷ್ಟೇ ತಿಳಿಯಿತು. ಸತ್ತವನ ಮೇಲೆ ಸಿಟ್ಟಾಗುವುದು ಹೇಗೆ? ಅದಕ್ಕೇ ಒಂದು ಪ್ಲಗ್ಗು ಬೇಕಾಗಿತ್ತು. ಒದ್ದೆ ಕಾಲಿನಲ್ಲೇ ಹೋಗಿ ಅತ್ತಿಗೆಯ ಪಕ್ಕ ನಿಂತಳು. ಅಣ್ಣ ಸತ್ತಾಗ ಜನರ ನಡುವೆ ಕಲ್ಲಿನಂತೆ ಕೂತಿದ್ದ ಹೆಂಗಸು ಆ ಹೊಸ್ತಿಲಲ್ಲಿ ಕುಸಿದು ಅತ್ತಳು. ಅತ್ತಳು, ಬೈದಳು, ಮತ್ತೆ ಅತ್ತಳು. ಇಬ್ಬರಿಗೂ ಅಂದು ಒಲೆ ಹಚ್ಚುವ ನೆನಪಾಗಲಿಲ್ಲ.

ಮುಂದಿನ ವಾರ ಅತ್ತಿಗೆ ತಾನಾಗಿಯೇ ಕಾರ್ಖಾನೆಗೆ ಬಂದಳು. ಯಜಮಾನರು ಎದ್ದು ನಿಂತರು. ಪುಸ್ತಕದಲ್ಲಿ ಏನು ಬರೆಯಲಿ ಎಂದು ಅವಳನ್ನೇ ಕೇಳಿದರು.

"ಇದ್ದದ್ದನ್ನ ಇದ್ದ ಹಾಗೆ ಬರೀರಿ" ಎಂದಳು.

ಕಿವಿಯಕ್ಕ ಬರೆದಳು: ಪಿಂಗಾಣಿ ಹೊಡೆತದಿಂದ ಒಡೆದದ್ದು. ಇಂಜಿನ್ ನಿಂತ ಕಾರಣ ಗೊತ್ತಿಲ್ಲ. ಅತ್ತಿಗೆಗೆ ಓದಲು ಬರುತ್ತಿರಲಿಲ್ಲ; ಎರಡು ಸಲ ಓದಿಸಿಕೊಂಡು ಕೇಳಿ, ತಲೆಯಾಡಿಸಿ ಹೊರಟುಹೋದಳು. ಪ್ಲಗ್ಗಿನ ತುಂಡುಗಳನ್ನು ಅಲ್ಲೇ ಬಿಟ್ಟಳು, ಕರವಸ್ತ್ರ ಮಾತ್ರ ತೆಗೆದುಕೊಂಡಳು.

ಅಲ್ಲಿಂದ ಮುಂದೆ ಕಿವಿಯಕ್ಕ ಆ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದಳು. ಊರಿನ ಒಂಬತ್ತು ಕಾರು ನೂರಾಯಿತು, ಸಾವಿರವಾಯಿತು. ಯಜಮಾನರು ತೀರಿಕೊಂಡು ಅವರ ಮಗಳ ಗಂಡ ಆ ಸ್ಟೂಲಿನಲ್ಲಿ ಕೂತ. ಅವಳ ಕೈಕೆಳಗೆ ಹದಿನಾಲ್ಕು ಹೆಂಗಸರು ತಟ್ಟುವುದನ್ನು ಕಲಿತರು. ಐವತ್ತು ದಾಟುವ ಹೊತ್ತಿಗೆ ಲೇತುಗಳ ಗದ್ದಲ ಅವಳ ಕಿವಿಯನ್ನು ತಿಂದುಹಾಕಿತ್ತು. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಹಿತ್ತಾಳೆ ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಗೆ ಕೊಳವೆಯನ್ನು ತಟ್ಟಿ, ಸದ್ದನ್ನು ದವಡೆಯ ಎಲುಬಿನಿಂದ ಕೇಳುವುದನ್ನು ಕಲಿತಳು. ಲೇತಿನವನು ನೂರು ಕೊಳವೆಗಳಲ್ಲಿ ಮೂರು ಒಡಕು ಸೇರಿಸಿ ಪರೀಕ್ಷೆ ಮಾಡಿದ. ಅವಳು ನಾಲ್ಕು ತೆಗೆದುಕೊಟ್ಟಳು. ಶಾಯಿಯಲ್ಲಿ ಅದ್ದಿದರೆ ನಾಲ್ಕನೆಯದರಲ್ಲೂ ಗೆರೆಯಿತ್ತು. "ಕಿವಿ ಹೋದ್ರೂ ಕಿವಿಯಕ್ಕ ಹೋಗ್ಲಿಲ್ಲ" ಎಂದ ಅವನು; ಅವಳಿಗೆ ಅದು ಕೇಳಿಸಲಿಲ್ಲ, ಅವನೇ ಕಾಗದದ ಮೇಲೆ ಬರೆದು ತೋರಿಸಿದ.

ಹಾಗೆ ಇನ್ನೂ ಏಳು ವರ್ಷ ನಡೆಯಿತು. ಆಮೇಲೊಂದು ದಿನ ದೂರದ ಊರಿನಿಂದ ಮರಳಿ ಬಂದ ಪ್ಲಗ್ಗೊಂದನ್ನು ಬಿಚ್ಚಿದಾಗ ಅಂಚು ಕಪ್ಪಾಗಿತ್ತು. ಕಪ್ಪಿನ ಒಳಗೆ, ಬಿರುಕಿನ ಬೇರಿನಲ್ಲಿ, ಪಿಂಗಾಣಿಯ ಮೆರುಗು ಭಟ್ಟಿಯಲ್ಲೇ ಕರಗಿ ಇಳಿದ ಗಾಜಿನಂಥ ಹೊಳಪು ಇತ್ತು. ಹುಟ್ಟಿನಿಂದಲೇ ಇದ್ದ ಬಿರುಕು ಅದು. ತಟ್ಟಿ ಪಾಸು ಮಾಡಿದವರ ಗುರುತನ್ನು ಕವಚದ ಮೇಲೆ ಒತ್ತುವ ಪದ್ಧತಿಯಿತ್ತು; ಇದರ ಮೇಲಿದ್ದ ಗುರುತು ಅವಳದೇ. ಗಾಡಿ ಪೇಟೆಯ ಬೀದಿಯೊಂದರಲ್ಲಿ ನಿಂತಿತ್ತಂತೆ, ಯಾರಿಗೂ ಏನೂ ಆಗಿರಲಿಲ್ಲ. ಸಾವಿರಕ್ಕೊಂದು ತಪ್ಪಿದರೆ ಏನಾಯಿತು ಎಂದು ಎಲ್ಲರೂ ಹೇಳಿದರು, ಹೊಸ ಯಜಮಾನನೂ ಹೇಳಿದ. ಅವಳು ಪುಸ್ತಕದಲ್ಲಿ, ಬಿರುಕು ಮೊದಲೇ ಇತ್ತು, ತಟ್ಟಿದವಳಿಗೆ ತಿಳಿಯಲಿಲ್ಲ ಎಂದು ಬರೆದು, ಕೆಳಗೆ ತನ್ನ ಗುರುತು ಹಾಕಿದಳು. ಕಡ್ಡಿಯನ್ನು ಪಕ್ಕದ ಮೇಜಿನವಳ ಕೈಗೆ ಕೊಟ್ಟು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ದಿನವೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವಳು ಮಧ್ಯಾಹ್ನವೇ ಬಂದದ್ದು ನೋಡಿ ಅತ್ತಿಗೆ ಯಾಕೆ ಎಂದು ಕೈಸನ್ನೆಯಲ್ಲೇ ಕೇಳಿದಳು. ಕಿವಿಯಕ್ಕ ಹೇಳಿದಳು. ಅತ್ತಿಗೆ ಇನ್ನೊಂದು ತಟ್ಟೆ ತಂದಿಟ್ಟು, ಅವಳಿಗೆ ಕೇಳುವಷ್ಟು ಹತ್ತಿರಕ್ಕೆ ಬಾಯಿ ತಂದು, "ಒಳ್ಳೇದಾಯ್ತು. ಕೂತ್ಕೋ. ನಾಳೆಯಿಂದ ಇಬ್ಬರೂ ಒಟ್ಟಿಗೇ ಉಣ್ಣಬಹುದು" ಎಂದಳು.